ವಿತಾಲಿ ಬಿಯಾಂಕಿ: ಬದುಕು, ಬರಹ ಮತ್ತು ಚಳಿಗಾಲದ ಕಾಡು

ರಷ್ಯನ್ ಮಕ್ಕಳ ಸಾಹಿತಿ ವಿತಾಲಿ ವಲೆಂತಿನೊವಿಚ್ ಬಿಯಾಂಕಿ (1894–1959) ಅವರ ಹೆಸರು ‘ಕಾಡಿನ ಪತ್ರಿಕೆ’ ಎಂಬ ಕೃತಿಯೊಂದಿಗೆ ಬೆಸೆದುಕೊಂಡಿದೆ. 1928ರಲ್ಲಿ ಪುಸ್ತಕರೂಪದಲ್ಲಿ ಹೊರಬಂದ ಈ ಕೃತಿಯನ್ನು ಮಕ್ಕಳಿಗೆ ನಿಸರ್ಗವನ್ನು ಪರಿಚಯಿಸುವ ವಿನೋದದ ಪುಸ್ತಕವೆಂದು ಗುರುತಿಸುವುದು ರೂಢಿ. ಅದರ ಚಳಿಗಾಲದ ಪುಟಗಳನ್ನು ಲೇಖಕರ ಬದುಕಿನ ಜೊತೆಗಿಟ್ಟು ಓದಿದರೆ ಈ ಗುರುತು ಸಾಲದೆನಿಸುತ್ತದೆ.

ಬಿಯಾಂಕಿಯವರು ಹುಟ್ಟಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ವಲೆಂತಿನ್ ಬಿಯಾಂಕಿ ವಿಜ್ಞಾನ ಅಕಾಡೆಮಿಯ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದ ಪಕ್ಷಿವಿಜ್ಞಾನಿ. ಕುಟುಂಬವು ಬೇಸಿಗೆಯನ್ನು ಕಳೆಯುತ್ತಿದ್ದ ಲೆಬ್ಯಾಝ್ಯೆ ಗ್ರಾಮ ಫಿನ್ಲೆಂಡ್ ಕೊಲ್ಲಿಯ ದಂಡೆಯಲ್ಲಿ, ವಲಸೆ ಹಕ್ಕಿಗಳ ಹಾದಿಯಲ್ಲಿತ್ತು. ಕಂಡದ್ದನ್ನು ಅಲ್ಲಲ್ಲಿಯೇ ಟಿಪ್ಪಣಿ ಮಾಡಿಕೊಳ್ಳುವ ಅಭ್ಯಾಸವನ್ನು ಮಗನಿಗೆ ಕಲಿಸಿದವರು ತಂದೆಯೇ. ವಿಶ್ವವಿದ್ಯಾಲಯದ ವ್ಯಾಸಂಗ ಯುದ್ಧದಿಂದಾಗಿ ನಿಂತುಹೋಯಿತು. ಅಂತರ್ಯುದ್ಧದ ಕಾಲದಲ್ಲಿ ಅವರು ಅಲ್ತಾಯ್ ಪ್ರಾಂತದ ಬಿಯ್‌ಸ್ಕ್ ಪಟ್ಟಣ ಸೇರಿ, ಅಲ್ಲಿ ಶಾಲಾ ಶಿಕ್ಷಕರಾಗಿಯೂ ದುಡಿದರು. 1922ರಲ್ಲಿ ಪೆತ್ರೊಗ್ರಾದ್‌ಗೆ ಮರಳಿದಾಗ ಅವರ ಬಳಿಯಿದ್ದ ನಿಜವಾದ ಬಂಡವಾಳವೆಂದರೆ ಆ ಟಿಪ್ಪಣಿ ಪುಸ್ತಕಗಳು.

ಅಲ್ಲಿ ಕವಿ ಸಮುಯಿಲ್ ಮರ್ಷಾಕ್ ಅವರ ಸುತ್ತ ಮಕ್ಕಳ ಸಾಹಿತಿಗಳ ಬಳಗವೊಂದು ರೂಪುಗೊಳ್ಳುತ್ತಿತ್ತು. ಆ ಬಳಗದ ‘ಗುಬ್ಬಚ್ಚಿ’ ಪತ್ರಿಕೆಯಲ್ಲಿ 1923ರಲ್ಲಿ ಬಿಯಾಂಕಿಯವರ ಮೊದಲ ಕಥೆ ಬಂದಿತು. ಮುಂದೆ ಅದೇ ಪತ್ರಿಕೆ ‘ಹೊಸ ರಾಬಿನ್ಸನ್’ ಎಂಬ ಹೆಸರು ಪಡೆದಾಗ ‘ಕಾಡಿನ ಪತ್ರಿಕೆ’ ಅದರ ಅಂಕಣವಾಗಿ ಬೆಳೆಯಿತು. ಆದರೆ 1925ರ ಕೊನೆಯಲ್ಲಿ ರಾಜಕೀಯ ಆರೋಪದ ಮೇಲೆ ಬಂಧಿತರಾದ ಅವರನ್ನು ಉರಾಲ್‌ಸ್ಕ್‌ಗೆ ಗಡೀಪಾರು ಮಾಡಲಾಯಿತು. ಮ್ಯಾಕ್ಸಿಂ ಗೋರ್ಕಿಯವರೂ ಸೇರಿದಂತೆ ಹಲವರ ಮನವಿಯಿಂದ 1928ರಲ್ಲಿ ಮೊದಲು ನವ್ಗೊರೊದ್‌ಗೆ, ಬಳಿಕ ಲೆನಿನ್‌ಗ್ರಾದ್‌ಗೆ ಹೋಗಲು ಅನುಮತಿ ದೊರೆಯಿತು. ಪುಸ್ತಕ ಪ್ರಕಟವಾದದ್ದೂ ಅದೇ ವರ್ಷ.

ಕೃತಿಯ ಕಾಲಗಣನೆ ಗಮನಾರ್ಹವಾದುದು. ಕಾಡಿನ ವರ್ಷ ಜನವರಿಯಲ್ಲಿ ಆರಂಭವಾಗದೆ ಮಾರ್ಚ್ 21ರಿಂದ, ಹಗಲಿರುಳು ಸಮವಾಗುವ ದಿನದಿಂದ ಆರಂಭವಾಗುತ್ತದೆ. ಹನ್ನೆರಡು ತಿಂಗಳಿಗೆ ಹನ್ನೆರಡು ಸಂಚಿಕೆ. ತಂತಿ ಸುದ್ದಿ, ಜಾಹೀರಾತು, ಬಾತ್ಮೀದಾರರ ವರದಿ, ಪ್ರಶ್ನಾವಳಿ ಎಲ್ಲವೂ ಉಂಟು. ಡಿಸೆಂಬರ್ 21ರಿಂದ ಬರುವ ಮೂರು ತಿಂಗಳುಗಳಿಗೆ ಲೇಖಕರು ಕೊಟ್ಟಿರುವ ಹೆಸರುಗಳು ಕ್ರಮವಾಗಿ ಮೊದಲ ಬಿಳಿ ಹಾದಿಗಳನ್ನು, ಘೋರ ಹಸಿವನ್ನು, ವಸಂತದವರೆಗಿನ ಸಹನೆಯನ್ನು ಸೂಚಿಸುತ್ತವೆ. ಎಲ್ಲವೂ ಸ್ತಬ್ಧವಾಗಿರುವಂತೆ ತೋರುವ ಋತುವಿನಲ್ಲಿ ಪತ್ರಿಕೆಗೆ ಸುದ್ದಿ ಎಲ್ಲಿಂದ ಬರಬೇಕು? ಬಿಯಾಂಕಿಯವರಿಗೆ ಹಿಮವೇ ಒಂದು ಗ್ರಂಥ. ರಾತ್ರಿ ಓಡಾಡಿದ ಮೊಲ, ನರಿ, ಅಳಿಲುಗಳ ಹೆಜ್ಜೆಗಳು ಅದರ ಅಕ್ಷರಗಳು. ಬೇಸಿಗೆಯಲ್ಲಿ ಕಣ್ಣಿಗೆ ಬೀಳದ ಪ್ರಾಣಿಯೂ ಚಳಿಗಾಲದಲ್ಲಿ ತನ್ನ ದಿನಚರಿಯನ್ನು ಬರೆದಿಟ್ಟೇ ಹೋಗುತ್ತದೆ. ಹಿಮದೊಳಗೆ ಹುದುಗಿ ರಾತ್ರಿ ಕಳೆಯುವ ಹಕ್ಕಿಗಳಿಗೆ ಅದು ಹೊದಿಕೆ. ಮೇಲ್ಪದರ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಅದೇ ಬೋನು. ಅಡ್ಡಗತ್ತರಿಯಂತಹ ಕೊಕ್ಕುಳ್ಳ ಕ್ರಾಸ್‌ಬಿಲ್ ಹಕ್ಕಿ ಕೊರೆಯುವ ಚಳಿಯಲ್ಲೇ ಗೂಡು ಕಟ್ಟಿ ಮರಿ ಮಾಡುತ್ತದೆ. ಸ್ಪ್ರೂಸ್ ಮರದ ಕಾಯಿಗಳಲ್ಲಿ ಆಗ ಬೀಜ ಹೇರಳವಾಗಿರುವುದೇ ಇದಕ್ಕೆ ಕಾರಣ. ಇಲ್ಲಿ ಪ್ರಾಣಿಗಳು ಮಾತನಾಡಿದರೂ ಅವುಗಳ ನಡವಳಿಕೆ ಪ್ರಾಣಿಶಾಸ್ತ್ರವನ್ನು ಮೀರುವುದಿಲ್ಲ. ಈ ಸಂಯಮ ನೀತಿಕಥೆಯ ಪರಂಪರೆಯಲ್ಲಿ ಅಪರೂಪದ್ದು.

1932ರಲ್ಲಿ ಮತ್ತೆ ಬಂಧನವಾಗಿ ಕೆಲವೇ ವಾರಗಳಲ್ಲಿ ಬಿಡುಗಡೆಯಾಯಿತು. 1935ರಲ್ಲಿ ವಿಧಿಸಿದ ಐದು ವರ್ಷಗಳ ಗಡೀಪಾರು ಯೆಕತೆರಿನಾ ಪೆಶ್ಕೊವಾ ಅವರ ಮಧ್ಯಸ್ಥಿಕೆಯಿಂದ ರದ್ದಾಯಿತು. ಈ ಹಿನ್ನೆಲೆಯಲ್ಲಿ ಹಸಿವು, ಸಹನೆಗಳ ತಿಂಗಳುಗಳನ್ನು ರಾಜಕೀಯ ಸಂಕೇತವಾಗಿ ಓದುವ ಆಸೆ ಸಹಜವೇ. ಆದರೆ ಆ ಓದಿಗೆ ಪಠ್ಯ ಒತ್ತಾಸೆಯಾಗಿ ನಿಲ್ಲುವುದಿಲ್ಲ. ಅಲ್ಲಿ ಹಸಿದಿರುವುದು ಹಕ್ಕಿಯೇ; ಹೊಟ್ಟೆ ತುಂಬಿದ ಹಕ್ಕಿ ಚಳಿಯನ್ನು ತಾಳಬಲ್ಲದು ಎಂಬ ಪ್ರತ್ಯಕ್ಷ ಸಂಗತಿಯಿಂದ ಕಾಳು ಹಾಕುವ ಕೆಲಸಕ್ಕೆ ಓದುಗ ಮಗುವನ್ನು ಕರೆಯಲಾಗಿದೆ. ಬದುಕು ಪದೇ ಪದೇ ಕಡಿದುಬಿದ್ದ ಲೇಖಕರೊಬ್ಬರು ಯಾವ ಕಚೇರಿಯ ಆದೇಶಕ್ಕೂ ಬದಲಾಗದ ಪಂಚಾಂಗವೊಂದನ್ನು ಆಯ್ದುಕೊಂಡರು ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ಹೃದ್ರೋಗದ ಕಾರಣ ಎರಡನೆಯ ಮಹಾಯುದ್ಧದಲ್ಲಿ ಅವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲಿಲ್ಲ; ಆ ಕಾಲವನ್ನು ಉರಾಲ್ ಪ್ರದೇಶದಲ್ಲಿ ಕಳೆದರು. ‘ಕಾಡಿನ ಪತ್ರಿಕೆ’ಯನ್ನು ಮಾತ್ರ ಮುದ್ರಣದಿಂದ ಮುದ್ರಣಕ್ಕೆ ತಿದ್ದುತ್ತ, ಹಿಗ್ಗಿಸುತ್ತಲೇ ಹೋದರು. 1950ರ ದಶಕದಲ್ಲಿ, ಅನಾರೋಗ್ಯ ಕಾಡಿನ ಸುತ್ತಾಟವನ್ನು ಕಸಿದುಕೊಂಡಾಗ, ‘ಕಾಡಿನ ಸುದ್ದಿಗಳು’ ಎಂಬ ಬಾನುಲಿ ಕಾರ್ಯಕ್ರಮವನ್ನು ಶಿಷ್ಯರೊಡನೆ ರೂಪಿಸಿದರು. ಕಾಡಿಗೆ ಹೋಗಿ ಸುದ್ದಿ ತರುತ್ತಿದ್ದವರಲ್ಲಿ ನಿಕೊಲಾಯ್ ಸ್ಲದ್ಕೊವ್ ಒಬ್ಬರು. ಮುಂದೆ ಅವರೂ ನಿಸರ್ಗದ ಬರಹಗಾರರಾಗಿ ಹೆಸರಾದರು. ಬಿಯಾಂಕಿಯವರು 1959ರ ಜೂನ್ 10ರಂದು ಲೆನಿನ್‌ಗ್ರಾದ್‌ನಲ್ಲಿ ನಿಧನರಾದರು.