ಸಂಗೀತಪ್ರೇಮಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್

ತರೀಕೆರೆ ತಾಲೂಕಿನ ಕೆಮ್ಮಣ್ಣುಗುಂಡಿಗೆ ಹೋದವರು ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಹೆಸರನ್ನು ಕೇಳಿರುತ್ತೀರಿ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದು ಹೆಸರು. ಅಲ್ಲಿನ ಈ ಬೆಟ್ಟದಲ್ಲಿ ಬೇಸಿಗೆ ಕಳೆಯುತ್ತಿದ್ದ ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಹೆಸರೇ ಅದು. ಕನ್ನಂಬಾಡಿ ಅಣೆಕಟ್ಟು, ಭದ್ರಾವತಿಯ ಕಬ್ಬಿಣ ಕಾರ್ಖಾನೆಗಳಿಂದ ಎಲ್ಲರೂ ಅವರನ್ನು ಬಲ್ಲರು. ಅವರ ಸಂಗೀತಪ್ರೇಮವೂ ಅಷ್ಟೇ ದೊಡ್ಡದು.

1884ರ ಜೂನ್ 4ರಂದು ಜನಿಸಿದ ಅವರು ಹತ್ತನೇ ವಯಸ್ಸಿನಲ್ಲೇ ತಂದೆ ಚಾಮರಾಜೇಂದ್ರ ಒಡೆಯರನ್ನು ಕಳೆದುಕೊಂಡರು. ತಾಯಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ರಾಜ್ಯ ನೋಡಿಕೊಂಡರು. 1902ರಲ್ಲಿ ಅಧಿಕಾರ ಮಗನ ಕೈಗೆ ಬಂತು. ತಂದೆಯವರು ಪಿಟೀಲು ನುಡಿಸುತ್ತಿದ್ದರು. ಮಗ ಪಿಟೀಲಿನ ಜೊತೆಗೆ ವೀಣೆ, ಕೊಳಲು, ಮೃದಂಗ, ಪಿಯಾನೋಗಳನ್ನೂ ಕಲಿತರು.

ಯುರೋಪಿನಿಂದ ಬಂದ ಪಿಟೀಲು ದಕ್ಷಿಣ ಭಾರತದಲ್ಲಿ ಹೊಸ ರೂಪ ಪಡೆದಿತ್ತು. ಅಲ್ಲಿ ಅದನ್ನು ಗಲ್ಲದ ಕೆಳಗೆ ಹಿಡಿದರೆ, ಇಲ್ಲಿ ನೆಲದ ಮೇಲೆ ಕುಳಿತು ಅದರ ತುದಿಯನ್ನು ಪಾದದ ಮೇಲಿರಿಸುತ್ತಾರೆ. 18ನೇ ಶತಮಾನದ ಯುರೋಪಿನಲ್ಲಿ ಅರಸು ಮನೆತನಗಳಲ್ಲಿ ಮೆಚ್ಚುಗೆ ಪಡೆದ ಗ್ಯಾಲಂಟ್ ಶೈಲಿಯ ಸೊನಾಟಾಗಳಲ್ಲಿ ಎರಡು ಪಿಟೀಲುಗಳು ಸರಳ, ಇಂಪಾದ ರಾಗ ಹಾಡುತ್ತಿದ್ದವು. ಚೆಲ್ಲೊ, ಹಾರ್ಪ್ಸಿಕಾರ್ಡ್‌ಗಳು ಮಂದ್ರಸ್ವರದ ಆಸರೆ ಕೊಡುತ್ತಿದ್ದವು. ನಮ್ಮ ಕಚೇರಿಯಲ್ಲಾದರೋ ಪಿಟೀಲು ಗಾಯಕರ ದನಿಯನ್ನು ನೆರಳಿನಂತೆ ಹಿಂಬಾಲಿಸುತ್ತದೆ.

ಈ ಎರಡೂ ಸಂಪ್ರದಾಯಗಳಿಗೆ ನಾಲ್ವಡಿಯವರು ಒಂದೇ ಅರಮನೆಯಲ್ಲಿ ಜಾಗ ಕೊಟ್ಟರು. ಜರ್ಮನಿಯ ಒಟ್ಟೊ ಸ್ಮಿತ್ ಅವರು ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದರು. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯರಂಥ ಹಿರಿಯರು ಆಸ್ಥಾನದಲ್ಲಿದ್ದರು. ಕೊಲ್ಕತ್ತಾದಲ್ಲಿ ಹೆಸರು ಮಾಡಿದ್ದ ಗಾಯಕಿ ಗೌಹರ್ ಜಾನ್ ತಮ್ಮ ಕೊನೆಗಾಲದಲ್ಲಿ ಮೈಸೂರಿನ ಆಶ್ರಯ ಪಡೆದು 1930ರಲ್ಲಿ ಇಲ್ಲಿಯೇ ತೀರಿಕೊಂಡರು. ಮೈಕ್ ಇಲ್ಲದ ಸಭೆಯಲ್ಲೂ ನಾದ ಹಿಂದಿನ ಸಾಲಿನವರೆಗೆ ಕೇಳಲೆಂದು ಪಿಟೀಲಿಗೆ ಏಳು ತಂತಿ ಅಳವಡಿಸಿದ ಟಿ. ಚೌಡಯ್ಯನವರು 1939ರಲ್ಲಿ ಆಸ್ಥಾನ ವಿದ್ವಾಂಸರಾದರು. ಹೊರಗಿನದನ್ನು ಬರಮಾಡಿಕೊಂಡರೆ ನಮ್ಮದು ಅಳಿಯುತ್ತದೆಂಬ ಭಯ ಆ ಆಸ್ಥಾನದಲ್ಲಿ ಸುಳ್ಳಾಯಿತು.

ಧರ್ಮದ ವಿಷಯದಲ್ಲೂ ಮಹಾರಾಜರ ಮನಸ್ಸು ಹೀಗೆಯೇ ವಿಶಾಲವಾಗಿತ್ತು. ಸ್ವತಃ ದೈವಭಕ್ತರೂ ವ್ರತನಿಷ್ಠರೂ ಆಗಿದ್ದ ಅವರು 1933ರಲ್ಲಿ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಅಡಿಗಲ್ಲಿಟ್ಟರು. ಅದರ ಜೋಡಿ ಗೋಪುರಗಳು ಇಂದಿಗೂ ದೂರದಿಂದಲೇ ಕಣ್ಣಿಗೆ ಬೀಳುತ್ತವೆ.

1940ರ ಆಗಸ್ಟ್ 3ರಂದು ಅವರು ನಿಧನರಾದರು. ಅವರ ನಂತರ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರ್ ಪಿಯಾನೋ ಕಲಿತವರು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದರು, ರಷ್ಯಾದ ಸಂಗೀತಗಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಲಂಡನ್ನಿನಲ್ಲಿ ನೆರವಾದರು. ದೊಡ್ಡಪ್ಪ ತೆರೆದಿಟ್ಟ ಬಾಗಿಲನ್ನು ಅವರು ಮುಚ್ಚಲಿಲ್ಲ.

ನಮ್ಮ ಚರ್ಚುಗಳ ಗಾಯನವೃಂದಗಳಲ್ಲಿ ಪಿಟೀಲು, ಕೀಬೋರ್ಡ್, ತಬಲಾ ಒಟ್ಟಿಗೆ ನುಡಿಯುವಾಗ ಈ ಅರಸರನ್ನು ನೆನೆಯಬಹುದು. ವಾದ್ಯ ಎಲ್ಲಿ ಹುಟ್ಟಿತೆಂದು ಅವರು ಕೇಳಲಿಲ್ಲ, ಚೆನ್ನಾಗಿ ನುಡಿಸುವವರಿಗೆ ಅನ್ನ, ಗೌರವ ಎರಡನ್ನೂ ಕೊಟ್ಟರು.