ಎಂಬತ್ತು ದಾಟಿದ ಮೇಲೆ ಉಸ್ತಾದ್: ಮಿಮಾರ್ ಸಿನಾನ್

ನಮ್ಮ ಮನೆಯ ಉರ್ದುವಿನಲ್ಲಿ ಕಟ್ಟಡ ಕಟ್ಟುವವರಿಗೆ ಮೇಮಾರ್ ಎನ್ನುತ್ತಾರೆ. ಗಾರೆ ಮೇಸ್ತ್ರಿಯಿಂದ ಹಿಡಿದು ದೊಡ್ಡ ವಾಸ್ತುಶಿಲ್ಪಿಯವರೆಗೆ ಎಲ್ಲರೂ ಈ ಒಂದು ಪದದೊಳಗೆ ಬರುತ್ತಾರೆ. ಟರ್ಕಿ ದೇಶದಲ್ಲಿ ಇದೇ ಪದ ಮಿಮಾರ್ ಆಗಿದೆ. ಅಲ್ಲಿ ಮಿಮಾರ್ ಎಂದರೆ ಜನರಿಗೆ ಮೊದಲು ನೆನಪಾಗುವುದು ಸಿನಾನ್ ಅವರ ಹೆಸರು. 1980ರ ದಶಕದಲ್ಲಿ ಆ ದೇಶದ ಹತ್ತು ಸಾವಿರ ಲಿರಾ ನೋಟಿನ ಮೇಲೂ ಅವರ ಚಿತ್ರವಿತ್ತು. ರಾಜ, ಸೇನಾಪತಿಗಳ ಚಿತ್ರ ನೋಟಿನ ಮೇಲೆ ಬರುವುದು ಸಾಮಾನ್ಯ. ಕಟ್ಟಡ ಕೆಲಸದವರೊಬ್ಬರು ಅಲ್ಲಿಗೆ ಬಂದದ್ದು ಹೇಗೆ?

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ವಾಸ್ತುಶಿಲ್ಪ ನನ್ನ ಪಠ್ಯವಲ್ಲ. ಆದರೂ ಸಿನಾನ್ ಅವರ ಬಗ್ಗೆ ಓದಿದಾಗ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಅವರು ತಮ್ಮ ಮೂರು ದೊಡ್ಡ ಮಸೀದಿಗಳಲ್ಲಿ ಮೊದಲನೆಯದನ್ನು ಶಾಗಿರ್ದನ ಕೆಲಸ, ಎರಡನೆಯದನ್ನು ಪಳಗಿದ ಕೆಲಸಗಾರನ ಕೆಲಸ, ಮೂರನೆಯದನ್ನು ಉಸ್ತಾದನ ಕೆಲಸ ಎಂದು ಎಣಿಸಿದ್ದರೆಂಬುದು ಪ್ರಸಿದ್ಧ. ಮೊದಲನೆಯದು ಮುಗಿದಾಗ ಅವರಿಗೆ ಸುಮಾರು 58 ವರ್ಷ. ಮೂರನೆಯದು ಮುಗಿದಾಗ 85ರ ಹತ್ತಿರ. ಹದಿನೇಳನೇ ವಯಸ್ಸಿಗೇ ಮುಂದೆ ಏನಾಗುತ್ತೀ ಎಂಬ ಪ್ರಶ್ನೆಯನ್ನು ದಿನವೂ ಕೇಳಿಸಿಕೊಳ್ಳುವ ನಮಗೆ ಈ ಲೆಕ್ಕ ತಿಳಿದಿರಬೇಕು ಎನಿಸಿ ಈ ಲೇಖನ ಬರೆಯುತ್ತಿದ್ದೇನೆ.

ಸಿನಾನ್ ಅವರು ಸುಮಾರು 1490ರಲ್ಲಿ ಅನತೋಲಿಯಾದ ಕೈಸೇರಿ ನಗರದ ಹತ್ತಿರದ ಒಂದು ಹಳ್ಳಿಯಲ್ಲಿ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರು. ಆಗ ಅದು ಉಸ್ಮಾನಿಯಾ ಸಾಮ್ರಾಜ್ಯದ ಆಳ್ವಿಕೆಯಲ್ಲಿತ್ತು. ಕ್ರೈಸ್ತ ಕುಟುಂಬಗಳ ಗಂಡು ಮಕ್ಕಳಲ್ಲಿ ಕೆಲವರನ್ನು ಸರ್ಕಾರ ಆರಿಸಿ ಕರೆದೊಯ್ದು, ಮುಸ್ಲಿಮರನ್ನಾಗಿ ಮಾಡಿ, ಸೈನ್ಯಕ್ಕೂ ಅರಮನೆಗೂ ತಯಾರು ಮಾಡುವ ಪದ್ಧತಿ ಇತ್ತು. ಹೀಗೆ ಹೋದವರಲ್ಲಿ ಕೆಲವರು ವಜೀರರೂ ಆದರು. ಆದರೆ ಮಗನನ್ನು ಕಳಿಸಿಕೊಟ್ಟ ತಾಯಿಗೆ ಅದು ಸಣ್ಣ ನೋವಲ್ಲ ಎಂಬುದನ್ನು ನಾವು ಮರೆಯಬಾರದು. ಸಿನಾನ್ ಅವರನ್ನು ಸುಮಾರು 1512ರಲ್ಲಿ ಹೀಗೆ ಇಸ್ತಾಂಬುಲ್‌ಗೆ ಕರೆತಂದರು. ಅವರು ತಮ್ಮ ಊರನ್ನು ಮರೆಯಲಿಲ್ಲ. ಎಷ್ಟೋ ವರ್ಷಗಳ ನಂತರ, 1573ರಲ್ಲಿ, ಆ ಭಾಗದ ಜನರನ್ನು ಸೈಪ್ರಸ್ ದ್ವೀಪಕ್ಕೆ ಒಕ್ಕಲೆಬ್ಬಿಸುವ ಆದೇಶ ಬಂದಾಗ, ತಮ್ಮ ಬಂಧುಗಳನ್ನು ಅದರಿಂದ ಬಿಡಬೇಕೆಂದು ಸುಲ್ತಾನರಲ್ಲಿ ಕೇಳಿ ಒಪ್ಪಿಗೆ ಪಡೆದರು.

ತರಬೇತಿಯಲ್ಲಿ ಅವರು ಆರಿಸಿಕೊಂಡದ್ದು ಬಡಗಿ ಕೆಲಸ. ನಂತರ ಸೈನಿಕರಾಗಿ 1521ರಲ್ಲಿ ಬೆಲ್‌ಗ್ರೇಡ್, 1522ರಲ್ಲಿ ರೋಡ್ಸ್, 1526ರಲ್ಲಿ ಮೊಹಾಚ್, 1534ರಲ್ಲಿ ಬಾಗ್ದಾದ್ ಎಂದು ದಂಡಿನ ಜೊತೆ ತಿರುಗಿದರು. ಯುದ್ಧಭೂಮಿಯೇ ಅವರ ಕಾಲೇಜಾಯಿತು ಎನ್ನಬಹುದು. ಹೋದ ಕಡೆಯಲ್ಲೆಲ್ಲ ಹಳೆಯ ಕೋಟೆ, ಸೇತುವೆ, ಮಸೀದಿ, ಚರ್ಚುಗಳನ್ನು ನೋಡಿದರು. ಯಾವುದು ನಿಂತಿದೆ, ಯಾವುದು ಬಿದ್ದಿದೆ, ಏಕೆ ಬಿದ್ದಿದೆ ಎಂದು ಗಮನಿಸುವ ಅವಕಾಶ ಅವರಿಗಿತ್ತು. ವಾನ್ ಸರೋವರ ದಾಟಲು ಹಡಗುಗಳು ಬೇಕೆಂದಾಗ ಅವರೇ ಕಟ್ಟಿದರು. 1538ರಲ್ಲಿ ಮೊಲ್ದಾವಿಯಾ ದಂಡಯಾತ್ರೆಯಲ್ಲಿ ಪ್ರುತ್ ನದಿಗೆ ಸೇತುವೆ ಬೇಕಾಯಿತು. ಕೆಸರು ನೆಲದಲ್ಲಿ ಇತರರು ಕಟ್ಟಿದ್ದು ಕುಸಿದು ಹೋಗಿತ್ತು. ಸಿನಾನ್ ಅವರು 13 ದಿನಗಳಲ್ಲಿ ಮರದ ಸೇತುವೆ ಕಟ್ಟಿ ಸೈನ್ಯವನ್ನು ದಾಟಿಸಿದರು.

ಇದನ್ನು ಹತ್ತಿರದಿಂದ ನೋಡಿದ್ದ ಲುತ್ಫಿ ಪಾಶಾ ಅವರು ಪ್ರಧಾನ ವಜೀರರಾದಾಗ ಸಿನಾನ್ ಅವರ ಹೆಸರನ್ನು ಸೂಚಿಸಿದರು. 1539ರ ಹೊತ್ತಿಗೆ, ಐವತ್ತರ ಹತ್ತಿರದ ವಯಸ್ಸಿನಲ್ಲಿ, ಅವರು ಸಾಮ್ರಾಜ್ಯದ ಪ್ರಧಾನ ಮಿಮಾರ್ ಆದರು. ನಮ್ಮಲ್ಲಿ ನಿವೃತ್ತಿಯ ಮಾತು ಶುರುವಾಗುವ ವಯಸ್ಸದು. ಅವರ ನಿಜವಾದ ಕೆಲಸ ಶುರುವಾದದ್ದು ಆಗ.

ಮೊದಲ ದೊಡ್ಡ ಕೆಲಸ ದುಃಖದ ಸಂದರ್ಭದಲ್ಲಿ ಬಂತು. 1543ರಲ್ಲಿ ಸುಲ್ತಾನ್ ಸುಲೈಮಾನ್ ಅವರ ಮಗ, ಇಪ್ಪತ್ತರ ಹರೆಯದ ಶೆಹಜಾದೆ ಮೆಹಮದ್, ತೀರಿಕೊಂಡರು. ಅವರ ನೆನಪಿಗೆ ಇಸ್ತಾಂಬುಲ್‌ನಲ್ಲಿ ಮಸೀದಿ ಕಟ್ಟುವಂತೆ ಆಜ್ಞೆಯಾಯಿತು. ಇದು 1548ರಲ್ಲಿ ಮುಗಿಯಿತು.

ಇಲ್ಲಿ ಗುಮ್ಮಟದ ಕಷ್ಟವೇನು ಎಂದು ಸ್ವಲ್ಪ ಹೇಳಬೇಕು. ವಿಜಯಪುರದ ಗೋಳಗುಮ್ಮಟ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡು. ಚೌಕದ ಮೇಲೆ ದುಂಡನ್ನು ಕೂರಿಸುವುದು ಮೊದಲ ಕಷ್ಟ. ಎರಡನೆಯದು, ಗುಮ್ಮಟದ ಭಾರ ಕೆಳಕ್ಕೆ ಇಳಿಯುವುದರ ಜೊತೆಗೆ ಹೊರಕ್ಕೂ ತಳ್ಳುತ್ತದೆ. ಎರಡು ನೋಟ್‌ಬುಕ್‌ಗಳನ್ನು ತಲೆಗೆ ತಲೆ ಆನಿಸಿ ನಿಲ್ಲಿಸಿ ಮೇಲಿನಿಂದ ಒತ್ತಿ ನೋಡಿ, ಅವುಗಳ ಬುಡ ಹೊರಕ್ಕೆ ಜಾರುತ್ತದೆ. ಗೋಡೆಯನ್ನು ದಪ್ಪ ಮಾಡಿದರೆ ತಳ್ಳುವಿಕೆ ತಡೆಯಬಹುದು, ಆದರೆ ಒಳಗೆ ಬೆಳಕು ಬರುವುದಿಲ್ಲ. ಕಂಬಗಳನ್ನು ದಪ್ಪ ಮಾಡಿದರೆ ನಮಾಜಿಗೆ ನಿಂತವರ ಸಾಲು ಮುರಿಯುತ್ತದೆ.

ಶೆಹಜಾದೆ ಮಸೀದಿಯಲ್ಲಿ ಸಿನಾನ್ ಅವರು ನಾಲ್ಕು ದಪ್ಪ ಕಂಬಗಳ ಮೇಲೆ 19 ಮೀಟರ್ ಅಗಲದ ಗುಮ್ಮಟವಿಟ್ಟು, ನಾಲ್ಕು ಕಡೆಯೂ ಅರ್ಧಗುಮ್ಮಟಗಳನ್ನು ಆನಿಸಿದರು. ಯಾವ ಕಡೆಗೆ ತಳ್ಳಿದರೂ ಅಲ್ಲೊಂದು ಆಸರೆ. ನೋಡಲು ಸುಂದರ, ಕಟ್ಟಡ ಭದ್ರ. ಇದನ್ನೇ ಅವರು ಶಾಗಿರ್ದನ ಕೆಲಸ ಎಂದು ಎಣಿಸಿದರು.

ನಮ್ಮ ಖಾಲಾ ಮನೆಯಲ್ಲೇ ಟೈಲರಿಂಗ್ ಮಾಡುತ್ತಾರೆ. ಅವರ ಹತ್ತಿರ ಕಲಿಯಲು ಬರುವ ಹುಡುಗಿಯರಿಗೆ ಮೊದಲ ಕೆಲವು ತಿಂಗಳು ಕಾಜಾ ಹೊಲಿಯುವುದು, ಗುಂಡಿ ಹಾಕುವುದು, ಅಂಚು ಮಡಚುವುದು, ಇಷ್ಟೇ ಕೆಲಸ. ಬಟ್ಟೆಗೆ ಕತ್ತರಿ ಹಾಕುವುದು ಬಹಳ ತಡವಾಗಿ ಬರುತ್ತದೆ. ಶಾಗಿರ್ದ್ ಎಂದರೆ ಇವರೇ ಎಂದು ನಾನು ತಿಳಿದುಕೊಂಡಿದ್ದೆ. ಆದರೆ ಸಾಮ್ರಾಜ್ಯದ ಅತಿ ದೊಡ್ಡ ಹುದ್ದೆಯಲ್ಲಿದ್ದವರು ತಮ್ಮನ್ನು ಆ ಸಾಲಿನಲ್ಲಿ ಕೂರಿಸಿಕೊಂಡರು. ಹುದ್ದೆ ಬೇರೆ, ಕೈಗೆ ಹತ್ತಿದ ಕೆಲಸ ಬೇರೆ ಎಂಬುದು ಅವರಿಗೆ ಗೊತ್ತಿತ್ತು.

ಎರಡನೆಯದು ಸುಲೈಮಾನಿಯೆ ಮಸೀದಿ. 1550ರಲ್ಲಿ ಶುರುವಾಗಿ 1557ರಲ್ಲಿ ಮುಗಿಯಿತು. ಗುಮ್ಮಟ ಸುಮಾರು 26.5 ಮೀಟರ್ ಅಗಲ, ನೆಲದಿಂದ 53 ಮೀಟರ್ ಎತ್ತರ. ಮಸೀದಿಯ ಸುತ್ತ ಮದ್ರಸಾಗಳು, ಆಸ್ಪತ್ರೆ, ಬಡವರಿಗೆ ಊಟ ಕೊಡುವ ಅಡುಗೆಮನೆ, ಹಮಾಮು, ಪ್ರಯಾಣಿಕರ ತಂಗುದಾಣ ಎಲ್ಲವೂ ಇದ್ದವು. ಮಸೀದಿಯೊಳಗೆ ಉರಿಯುವ ಸಾವಿರಾರು ದೀಪಗಳ ಮಸಿ ಗೋಡೆಗೆ ಹತ್ತದಂತೆ, ಗಾಳಿ ಅದನ್ನು ಬಾಗಿಲ ಮೇಲಿನ ಒಂದು ಕೋಣೆಗೆ ಸೆಳೆದುಕೊಳ್ಳುತ್ತಿತ್ತು. ಆ ಮಸಿಯಿಂದ ಬರೆಯುವ ಶಾಯಿ ತಯಾರಿಸುತ್ತಿದ್ದರೆಂದು ಹೇಳುತ್ತಾರೆ. ಧ್ವನಿ ಎಲ್ಲೆಡೆ ಸರಿಯಾಗಿ ಕೇಳಲೆಂದು ಗುಮ್ಮಟದಲ್ಲಿ ಮಣ್ಣಿನ ಗಡಿಗೆಗಳನ್ನು ಹುದುಗಿಸಿದ್ದರು.

ವಾಣಿಜ್ಯ ವಿದ್ಯಾರ್ಥಿನಿಯಾಗಿ ನನಗೆ ಇನ್ನೂ ಹೆಚ್ಚು ಇಷ್ಟವಾದದ್ದು ಇದರ ಲೆಕ್ಕದ ಪುಸ್ತಕಗಳು. ಯಾರಿಗೆ ಎಷ್ಟು ಕೂಲಿ, ಯಾವ ಸಾಮಾನಿಗೆ ಎಷ್ಟು ಖರ್ಚು ಎಂಬ ದಾಖಲೆ ಇಂದಿಗೂ ಉಳಿದಿದೆ. ಅದರ ಪ್ರಕಾರ ಕೆಲಸದ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿ ಪಡೆದ ಸ್ವತಂತ್ರ ಕೆಲಸಗಾರರದು. ಉಳಿದದ್ದರಲ್ಲಿ ಬಹುಪಾಲು ತರಬೇತಿಯಲ್ಲಿದ್ದ ಯುವ ಸೈನಿಕರದು, ಸ್ವಲ್ಪ ಭಾಗ ಹಡಗಿನ ಗುಲಾಮರದು. ಕುಶಲಕರ್ಮಿಗಳಲ್ಲಿ ಮುಸ್ಲಿಮರೂ ಕ್ರೈಸ್ತರೂ ಹೆಚ್ಚುಕಡಿಮೆ ಸಮವಾಗಿದ್ದರು. ಒಬ್ಬ ಉಸ್ತಾದನ ಹೆಸರಿನ ಹಿಂದೆ ಇಷ್ಟು ಸಾವಿರ ಕೈಗಳಿರುತ್ತವೆ, ಅವುಗಳಲ್ಲಿ ಎಲ್ಲವೂ ತಾವಾಗಿ ಬಂದ ಕೈಗಳಲ್ಲ ಎಂಬುದನ್ನು ಆ ಲೆಕ್ಕ ತೋರಿಸುತ್ತದೆ.

ಕೆಲಸ ತಡವಾಗುತ್ತಿದೆ ಎಂದು ಸುಲ್ತಾನರ ಕಿವಿಗೆ ದೂರು ಬಿದ್ದಾಗ, ಸುಲ್ತಾನರು ಸಿಟ್ಟಿನಿಂದ ಬಂದು ವಿಚಾರಿಸಿದರಂತೆ. ಸಿನಾನ್ ಅವರು ಎರಡೇ ತಿಂಗಳಲ್ಲಿ ಮುಗಿಸುತ್ತೇನೆಂದು ಮಾತು ಕೊಟ್ಟು, ಹಗಲು ರಾತ್ರಿ ಕೆಲಸ ಮಾಡಿಸಿ ಮುಗಿಸಿದರೆಂಬ ಕಥೆ ಅವರ ಆತ್ಮಕಥನದಲ್ಲಿದೆ. ಈ ಆತ್ಮಕಥನವನ್ನು ಅವರು ಮುಪ್ಪಿನಲ್ಲಿ ತಮ್ಮ ಗೆಳೆಯ, ಕವಿ ಸಾಯಿ ಮುಸ್ತಫಾ ಚೆಲೆಬಿ ಅವರಿಗೆ ಹೇಳಿ ಬರೆಸಿದರು.

ಎರಡನೇ ಮಸೀದಿಗೂ ಮೂರನೇ ಮಸೀದಿಗೂ ನಡುವೆ ಹನ್ನೊಂದು ವರ್ಷಗಳಿವೆ. ಪಾಂಡಿತ್ಯ ಬೆಳೆದದ್ದು ಈ ನಡುವಿನ ವರ್ಷಗಳಲ್ಲಿ ಎಂದು ನನ್ನ ಅಭಿಪ್ರಾಯ. ಇಸ್ತಾಂಬುಲ್‌ಗೆ ಕಾಡಿನಿಂದ ನೀರು ತರುವ ದೊಡ್ಡ ಯೋಜನೆ ಅವರ ಕೈಯಲ್ಲಿತ್ತು. 1563ರ ಭಾರಿ ಪ್ರವಾಹದಲ್ಲಿ ಮೇಲ್ಗಾಲುವೆಗಳಿಗೆ ದೊಡ್ಡ ಹಾನಿಯಾಯಿತು. ಅವರು ಮತ್ತೆ ಕಟ್ಟಿದರು. ಸುಮಾರು 35 ಮೀಟರ್ ಎತ್ತರದ ಮಾಲೋವಾ ಮೇಲ್ಗಾಲುವೆಯ ಕಂಬಗಳು ಬುಡದಲ್ಲಿ ಅಗಲವಾಗಿ, ಮೇಲೆ ಹೋಗುತ್ತಾ ಕಿರಿದಾಗುತ್ತವೆ. ಅದು ಇಂದಿಗೂ ನಿಂತಿದೆ.

ಅದೇ ವರ್ಷಗಳಲ್ಲಿ ಪೇಟೆಯ ನಡುವೆ ರುಸ್ತಮ್ ಪಾಶಾ ಮಸೀದಿ ಕಟ್ಟಿದರು. ಇದು ಚಿಕ್ಕ ಮಸೀದಿ, ಗುಮ್ಮಟ ಸುಮಾರು 15 ಮೀಟರ್. ಕೆಳಗೆ ಅಂಗಡಿಗಳು, ಅವುಗಳ ಮೇಲೆ ಮಸೀದಿ. ಅಂಗಡಿಗಳ ಬಾಡಿಗೆ ವಕ್ಫ್‌ಗೆ ಬಂದು ಮಸೀದಿಯ ಖರ್ಚು ನಡೆಯುತ್ತಿತ್ತು. ಒಳಗೆ ಗುಮ್ಮಟವನ್ನು ನಾಲ್ಕರ ಬದಲು ಎಂಟು ಆಧಾರಗಳ ಮೇಲೆ ನಿಲ್ಲಿಸಿದ್ದರು. ದೊಡ್ಡ ಕೆಲಸದಲ್ಲಿ ಮಾಡಬೇಕೆಂದಿದ್ದನ್ನು ಚಿಕ್ಕ ಕೆಲಸದಲ್ಲಿ ಮೊದಲು ಮಾಡಿ ನೋಡಿದಂತಾಯಿತು. ನಮ್ಮ ಲೆಕ್ಕಶಾಸ್ತ್ರದಲ್ಲಿ ಒಂದು ವರ್ಷದ ಅಖೈರು ಶಿಲ್ಕು ಮುಂದಿನ ವರ್ಷದ ಆರಂಭದ ಶಿಲ್ಕು ಆಗುತ್ತದೆ. ಸಿನಾನ್ ಅವರ ಕೆಲಸಗಳೂ ಹಾಗೆಯೇ. ಒಂದರಲ್ಲಿ ಉಳಿಸಿಕೊಂಡದ್ದನ್ನು ಇನ್ನೊಂದಕ್ಕೆ ಬಂಡವಾಳ ಮಾಡಿಕೊಂಡರು.

1568ರ ಸುಮಾರಿಗೆ ಎದಿರ್ನೆ ನಗರದಲ್ಲಿ ಸುಲ್ತಾನ್ ಎರಡನೇ ಸಲೀಮ್ ಅವರಿಗಾಗಿ ಸಲೀಮಿಯೆ ಮಸೀದಿ ಶುರುವಾಯಿತು. ಇಲ್ಲಿ 31 ಮೀಟರ್‌ಗೂ ಸ್ವಲ್ಪ ಹೆಚ್ಚು ಅಗಲದ ಗುಮ್ಮಟ ಎಂಟು ಕಂಬಗಳ ಮೇಲೆ ನಿಂತಿದೆ. ಕಂಬಗಳು ಗೋಡೆಯ ಹತ್ತಿರಕ್ಕೆ ಸರಿದಿರುವುದರಿಂದ ನಡುವಿನ ಜಾಗ ಪೂರ್ತಿ ತೆರೆದಿದೆ. ಭಾರವೆಲ್ಲ ಕಂಬಗಳಿಗೆ ಹೋದ ಕಾರಣ ಗೋಡೆಗಳಲ್ಲಿ ಸಾಲು ಸಾಲು ಕಿಟಕಿಗಳಿಗೆ ಜಾಗವಾಯಿತು. ನಾಲ್ಕು ಮೂಲೆಗೆ ನಾಲ್ಕು ಮಿನಾರುಗಳು, ಒಂದೊಂದೂ ಸುಮಾರು 70 ಮೀಟರ್ ಎತ್ತರ. ಎರಡು ಮಿನಾರುಗಳೊಳಗೆ ಮೂರು ಬೇರೆ ಬೇರೆ ಮೆಟ್ಟಿಲುಗಳಿವೆ, ಮೂವರು ಒಟ್ಟಿಗೆ ಹತ್ತಿದರೂ ಒಬ್ಬರನ್ನೊಬ್ಬರು ಕಾಣುವುದಿಲ್ಲ. ಸುಲ್ತಾನರು 1574ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮಸೀದಿ ಮರುವರ್ಷ ತೆರೆಯಿತು. 2011ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಕಾಲದ ಮಿಮಾರರಿಗೆಲ್ಲ ಸವಾಲಾಗಿದ್ದದ್ದು ಇಸ್ತಾಂಬುಲ್‌ನ ಆಯಾ ಸೋಫಿಯಾ. ಅದು 537ರಲ್ಲಿ ಚರ್ಚಾಗಿ ಮುಗಿದ ಕಟ್ಟಡ. ಅಷ್ಟು ದೊಡ್ಡ ಗುಮ್ಮಟ ಮುಸ್ಲಿಂ ಮಿಮಾರರಿಂದ ಆಗದು ಎಂದು ಕೆಲವರು ಆಡಿಕೊಳ್ಳುತ್ತಿದ್ದ ಮಾತು ಸಿನಾನ್ ಅವರ ಮನಸ್ಸಿನಲ್ಲಿ ನಾಟಿತ್ತು. ಸಲೀಮಿಯೆಯಲ್ಲಿ ಅದನ್ನು ಮೀರಿಸಿದೆನೆಂದು ಅವರು ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಇಂದಿನ ಅಳತೆಯಲ್ಲಿ ಎರಡರ ಅಗಲ ಹೆಚ್ಚುಕಡಿಮೆ ಒಂದೇ. ಎತ್ತರದಲ್ಲಿ ಆಯಾ ಸೋಫಿಯಾವೇ ಮುಂದು. ಆದರೆ ನನಗೆ ಈ ಸ್ಪರ್ಧೆಗಿಂತ ದೊಡ್ಡದಾಗಿ ಕಂಡದ್ದು ಬೇರೆ. ಸಲೀಮಿಯೆಯ ಕೆಲಸ ನಡೆಯುತ್ತಿದ್ದ ಅದೇ ವರ್ಷಗಳಲ್ಲಿ ಆಯಾ ಸೋಫಿಯಾ ವಾಲುತ್ತಿರುವುದು ಗಮನಕ್ಕೆ ಬಂತು. ಸಿನಾನ್ ಅವರು ಅದಕ್ಕೆ ಅಂಟಿಕೊಂಡಿದ್ದ ಮನೆಗಳನ್ನು ತೆಗೆಸಿ, ಒತ್ತುಗೋಡೆಗಳನ್ನು ಕೊಟ್ಟು ಭದ್ರಪಡಿಸಿದರು. ತಾವು ಮೀರಿಸಬೇಕೆಂದಿದ್ದ ಕಟ್ಟಡವನ್ನು ಬೀಳದಂತೆ ಉಳಿಸಿದವರೂ ಅವರೇ. ತನಗೆ ಕಲಿಸಿದ್ದನ್ನು ಗೌರವಿಸುವುದು ಎಂದರೆ ಇದೇ ಇರಬೇಕು.

ಮೂವರು ಸುಲ್ತಾನರ ಕಾಲದಲ್ಲಿ ಸುಮಾರು ಐವತ್ತು ವರ್ಷ ಅವರು ಅದೇ ಹುದ್ದೆಯಲ್ಲಿದ್ದರು. ಮಸೀದಿ, ಮದ್ರಸಾ, ಸೇತುವೆ, ಹಮಾಮು, ಆಸ್ಪತ್ರೆ ಸೇರಿ ನಾಲ್ಕು ನೂರಕ್ಕೂ ಹೆಚ್ಚು ಕೆಲಸಗಳು ಅವರ ಹೆಸರಿನಲ್ಲಿವೆ. ಅವರ ಕೈಕೆಳಗೆ ಕಲಿತವರು ಮುಂದೆ ದೊಡ್ಡವರಾದರು. ಬೋಸ್ನಿಯಾದ ಮೋಸ್ತಾರ್‌ನ ಪ್ರಸಿದ್ಧ ಕಮಾನು ಸೇತುವೆಯನ್ನು ಕಟ್ಟಿದವರು ಮಿಮಾರ್ ಹೈರುದ್ದೀನ್. ಇಸ್ತಾಂಬುಲ್‌ನ ನೀಲಿ ಮಸೀದಿ ಮೆಹಮದ್ ಆಗಾ ಅವರದು. ಇಬ್ಬರೂ ಸಿನಾನ್ ಅವರ ಶಾಗಿರ್ದರು.

1588ರಲ್ಲಿ ಸಿನಾನ್ ಅವರು ತೀರಿಕೊಂಡರು. ಅವರ ಗೋರಿ ಸುಲೈಮಾನಿಯೆ ಮಸೀದಿಯ ಪಕ್ಕದ ರಸ್ತೆ ಮೂಲೆಯಲ್ಲಿದೆ, ಅವರೇ ಕಟ್ಟಿಕೊಂಡದ್ದು. ಸುಲ್ತಾನರ ಗೋರಿಯ ಮುಂದೆ ಅದು ಬಹಳ ಚಿಕ್ಕದು.

ನಮ್ಮಲ್ಲಿ ಅನೇಕರಿಗೆ ಒಂದು ಪರೀಕ್ಷೆಯ ಅಂಕ ಕಡಿಮೆಯಾದರೆ ಎಲ್ಲವೂ ಮುಗಿದಂತೆ ಅನಿಸುತ್ತದೆ. ಅಂಕ ಹೆಚ್ಚು ಬಂದರೆ ಎಲ್ಲವನ್ನೂ ಕಲಿತಂತೆ ಅನಿಸುತ್ತದೆ. ಎರಡೂ ಅವಸರದ ಲೆಕ್ಕ. ಸಿನಾನ್ ಅವರು ಶಾಗಿರ್ದ್ ಎಂಬ ಪದವನ್ನು ಅವಮಾನವೆಂದು ತಿಳಿಯಲಿಲ್ಲ, ಉಸ್ತಾದ್ ಎಂಬ ಪದವನ್ನು ಬೇಗ ತೆಗೆದುಕೊಳ್ಳಲೂ ಇಲ್ಲ. ಪ್ರತಿ ಕೆಲಸವನ್ನೂ ಪೂರ್ತಿ ಮಾಡಿ ಮುಗಿಸಿದರು, ಮುಗಿಸಿದ ಮೇಲೆ ಅದರಲ್ಲಿ ಏನು ಕಡಿಮೆಯಿದೆ ಎಂದು ನೋಡಿದರು, ಮುಂದಿನದರಲ್ಲಿ ಅದನ್ನು ತುಂಬಿದರು. ಗೆಳೆಯ ಗೆಳತಿಯರೇ, ಟ್ಯಾಲಿ ಕಲಿಯುತ್ತಿರುವವರಿಗೂ, ಗ್ಯಾರೇಜಿನಲ್ಲಿ ಸಂಜೆ ಕೆಲಸ ಮಾಡುವವರಿಗೂ, ಕಾಜಾ ಹೊಲಿಯುತ್ತಿರುವವರಿಗೂ ದಾರಿ ಇದೇ. ಇಂದು ಕೈಯಲ್ಲಿರುವ ಚಿಕ್ಕ ಕೆಲಸವನ್ನು ಸರಿಯಾಗಿ ಮುಗಿಸೋಣ. ನಾಳೆಯ ಕೆಲಸಕ್ಕೆ ಅದೇ ಬಂಡವಾಳ.