ಹಗ್ಗ ಜಗ್ಗಿದ, ಲಾಳಿ ಹಾರಿತು: ಜಾನ್ ಕೇ ಕಥೆ

ಜಾನ್ ಕೇ ಅಂತ ಗೂಗಲ್‌ನಲ್ಲಿ ಹುಡುಕಿದ್ರೆ ಒಂದೇ ಕಾಲದ ಇಬ್ಬರು ಸಿಗ್ತಾರೆ. ಇಬ್ಬರೂ ಇಂಗ್ಲೆಂಡಿನವರು, ಇಬ್ಬರದ್ದೂ ಬಟ್ಟೆಗೆ ಸಂಬಂಧಪಟ್ಟ ಕೆಲಸ. ಒಬ್ಬ ವಾರಿಂಗ್ಟನ್ನಿನ ಗಡಿಯಾರ ಮಾಡುವವನು, ಆರ್ಕ್‌ರೈಟ್ ಜೊತೆ ನೂಲುವ ಯಂತ್ರ ಕಟ್ಟಿದವನು. ಇನ್ನೊಬ್ಬ ಬೆರಿ ಎಂಬ ಊರಿನ ಕಡೆಯವನು, ಹಾರುವ ಲಾಳಿ ಮಾಡಿದವನು. ನಾವು ಹೇಳ್ತಿರೋದು ಈ ಎರಡನೆಯವನ ಕಥೆ.

ರೋಬೋಟಿಕ್ಸ್ ಟೀಮಿನವರು ಮಗ್ಗದ ಬಗ್ಗೆ ಯಾಕೆ ಬರೀತಿದ್ದಾರೆ ಅಂತ ಕೇಳಬಹುದು. ಕಾರಣ ಇದೆ. ಸ್ಪರ್ಧೆಗಳಲ್ಲಿ ರೋಬೋಟ್ ಶುರುವಿನಲ್ಲಿ ಇಂತಿಷ್ಟೇ ಅಳತೆಯೊಳಗೆ ಇರಬೇಕು ಅಂತ ನಿಯಮ ಇರುತ್ತೆ. ಆದರೆ ಪಾಯಿಂಟ್ ಸಿಗೋ ಜಾಗ ದೂರದಲ್ಲಿರುತ್ತೆ. ಕೈ ಉದ್ದ ಚಾಚಬೇಕು. ತುದಿಯಲ್ಲಿ ಮೋಟಾರ್ ಕೂರಿಸಿದ್ರೆ ಭಾರಕ್ಕೆ ಇಡೀ ರೋಬೋಟ್ ಮುಗ್ಗರಿಸುತ್ತೆ. ಅದಕ್ಕೆ ಮೋಟಾರನ್ನು ಬುಡದಲ್ಲೇ ಇಟ್ಟು, ದಾರ ಮತ್ತು ರಾಟೆಯಿಂದ ತುದಿಯನ್ನು ಮುಂದೆ ತಳ್ಳೋದು, ಇಲ್ಲಾ ದಾರ ಕಟ್ಟಿದ ತುದಿಯನ್ನೇ ಎಸೆಯೋದು. 2018ರಲ್ಲಿ ವಿಯೆಟ್ನಾಂನಲ್ಲಿ ನಡೆದ ಎಬಿಯು ರೋಬೋಕಾನ್‌ನ ಆಟವೇ ಬಾಲ ಕಟ್ಟಿದ ಚೆಂಡನ್ನು ಬಳೆಯೊಳಗೆ ತೂರಿಸೋದಾಗಿತ್ತು. ದೂರದ ಕೆಲಸ, ಬುಡದಲ್ಲಿ ಶಕ್ತಿ, ನಡುವೆ ಒಂದು ಹಗ್ಗ. ಇದೇ ಲೆಕ್ಕವನ್ನು ಕೇ 1733ರಲ್ಲಿ ನೇಕಾರನ ಕೈಗೆ ಮಾಡಿಕೊಟ್ಟಿದ್ದ.

ಕೇ ಹುಟ್ಟಿದ್ದು 1704ರಲ್ಲಿ, ಲ್ಯಾಂಕಾಶೈರ್‌ನ ಬೆರಿ ಹತ್ತಿರದ ವಾಲ್ಮರ್ಸ್ಲಿಯಲ್ಲಿ, ರೈತರ ಮನೆಯಲ್ಲಿ. ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದ. ಹುಡುಗನನ್ನು ಹಣಿಗೆ ಮಾಡುವವರ ಹತ್ತಿರ ಕೆಲಸ ಕಲಿಯಲು ಬಿಟ್ಟರು. ಹಣಿಗೆ ಅಂದರೆ ಮಗ್ಗದಲ್ಲಿ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದು, ನೇಯ್ದ ಎಳೆಯನ್ನು ಒತ್ತುವ ಬಾಚಣಿಗೆಯಂಥ ಭಾಗ. ಒಂದೇ ತಿಂಗಳಲ್ಲಿ ಎಲ್ಲಾ ಕಲಿತೆ ಅಂತ ವಾಪಸ್ ಬಂದನಂತೆ ಅನ್ನೋ ಕಥೆ ಇದೆ. ಕಥೆ ಹೇಗೇ ಇರಲಿ, ಬೆತ್ತದ ಕಡ್ಡಿಗಳ ಬದಲು ಲೋಹದ ಕಡ್ಡಿ ಹಾಕಿ ಆತ ಮಾಡಿದ ಹಣಿಗೆ ಚೆನ್ನಾಗಿ ಮಾರಾಟವಾಯಿತು. 1730ರಲ್ಲಿ ದಾರ ಹುರಿ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. 1733ರ ಮೇ ತಿಂಗಳಲ್ಲಿ ಚಕ್ರದ ಲಾಳಿಗೆ ಪೇಟೆಂಟ್ ಬಂತು.

ಈ ಲಾಳಿ ಏನು ಮಾಡಿತು? ಮಗ್ಗದಲ್ಲಿ ಉದ್ದಕ್ಕೆ ಇರೋದು ಹಾಸು, ಅಡ್ಡ ಹೋಗೋದು ಹೊಕ್ಕು. ಹೊಕ್ಕಿನ ನೂಲು ಹೊತ್ತ ಲಾಳಿಯನ್ನು ನೇಕಾರ ಒಂದು ಕೈಯಿಂದ ತೂರಿ ಇನ್ನೊಂದು ಕೈಯಿಂದ ಹಿಡಿಯಬೇಕಿತ್ತು. ಅಂದರೆ ಬಟ್ಟೆಯ ಅಗಲ ಎಷ್ಟು ಅಂತ ತೀರ್ಮಾನ ಮಾಡ್ತಿದ್ದದ್ದು ಮನುಷ್ಯನ ತೋಳು. ಅಗಲದ ಬಟ್ಟೆ ಬೇಕಂದ್ರೆ ಆಚೆ ಒಬ್ಬ, ಈಚೆ ಒಬ್ಬ. ಕೇ ಮಗ್ಗದ ಎರಡೂ ತುದಿಗೆ ಒಂದೊಂದು ಪೆಟ್ಟಿಗೆ ಇಟ್ಟ, ಒಳಗೆ ಜಾರುವ ಗುದ್ದುಗ, ಎರಡಕ್ಕೂ ಹಗ್ಗ, ಹಗ್ಗದ ಹಿಡಿ ನೇಕಾರನ ಕೈಯಲ್ಲಿ. ಹಿಡಿ ಜಗ್ಗಿದ್ರೆ ಗುದ್ದುಗ ಲಾಳಿಗೆ ಹೊಡೆಯುತ್ತೆ, ಲಾಳಿ ಹಲಗೆಯ ಮೇಲೆ ಓಡಿ ಆಚೆ ಪೆಟ್ಟಿಗೆ ಸೇರುತ್ತೆ. ಒಬ್ಬನೇ ಕೂತಲ್ಲಿಂದ ಅಗಲದ ಬಟ್ಟೆ ನೇಯಬಹುದು.

ನಾವು ಇಳಕಲ್‌ಗೆ ಹೋಗಿ ಕುಣಿಮಗ್ಗದ ಮುಂದೆ ಕೂತಾಗ ನಮ್ಮ ಕಣ್ಣು ಹೋಗಿದ್ದು ಈ ಹಗ್ಗಕ್ಕೇ. ಅಲ್ಲೇ ಇನ್ನೊಂದು ಪಾಠ ಸಿಕ್ಕಿತು. ದಾರದ ಉಂಡೆ ತಿರುಗುತ್ತಾ ಬಿಚ್ಚಿಕೊಂಡ್ರೆ, ಲಾಳಿ ಗಕ್ಕನೆ ನಿಂತಾಗಲೂ ಉಂಡೆ ತಿರುಗುತ್ತಲೇ ಇರುತ್ತೆ, ದಾರ ಸಿಕ್ಕಾಗುತ್ತೆ. ಹಾರುವ ಲಾಳಿಯಲ್ಲಿ ಕಂಡಿಕೆ ತಿರುಗೋದೇ ಇಲ್ಲ, ನೂಲು ಅದರ ತುದಿಯಿಂದ ಕಳಚಿಕೊಳ್ಳುತ್ತೆ. ಇನರ್ಶಿಯಾ ಅಂತ ನಾವು ಪರೀಕ್ಷೆಗೆ ಓದಿದ್ದು ಇದನ್ನೇ. ದಾರ ಎಸೆಯುವ ಯಾವ ರೋಬೋಟಿಗೂ ಇದು ಬೇಕಾದ ಮಾತು. ಇನ್ನು ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸ್ತಾರಲ್ಲ, ಆ ಕೆಲಸಕ್ಕೆ ಈ ಹಗ್ಗ ಬರಲ್ಲ. ಅದು ಪೂರಾ ಬೆರಳಿನ ಕೆಲಸ.

ಕೇಗೆ ಇದರಿಂದ ದುಡ್ಡು ಬಂತಾ? ಇಲ್ಲ. ಕೋಲ್ಚೆಸ್ಟರ್‌ನ ನೇಕಾರರು ತಮ್ಮ ಅನ್ನ ಹೋಗುತ್ತೆ ಅಂತ ದೊರೆಗೆ ಅರ್ಜಿ ಹಾಕಿದರು. ಬಟ್ಟೆ ವ್ಯಾಪಾರಿಗಳು ಲಾಳಿಯನ್ನು ಬಳಸಿದರು, ಹಣ ಮಾತ್ರ ಕೊಡಲಿಲ್ಲ. ಕೇಸ್ ಹಾಕಿದ್ರೆ ಖರ್ಚು ಹಂಚಿಕೊಳ್ಳೋಕೆ ಲಾಳಿ ಕ್ಲಬ್ ಅಂತಲೇ ಕಟ್ಟಿಕೊಂಡರು! ಕೋರ್ಟು ಕಚೇರಿ ಅಲೆದು ಕೇ ದಿವಾಳಿಯ ಅಂಚಿಗೆ ಬಂದ. 1747ರಲ್ಲಿ ಫ್ರಾನ್ಸಿಗೆ ಹೋದ. ಅಲ್ಲಿನ ಸರ್ಕಾರ ಅವನಿಗೆ ಪಿಂಚಣಿ ಕೊಟ್ಟು, ನಾರ್ಮಂಡಿಯ ನೇಕಾರರಿಗೆ ಕಲಿಸು ಅಂತ ಕಳಿಸಿತು. 1753ರಲ್ಲಿ ಬೆರಿಯ ಮನೆಗೆ ಜನ ನುಗ್ಗಿದರು, ಕೇ ತಪ್ಪಿಸಿಕೊಂಡ ಅನ್ನೋ ದೃಶ್ಯವನ್ನು ಮ್ಯಾಂಚೆಸ್ಟರ್ ಟೌನ್ ಹಾಲ್ ಗೋಡೆಯ ಮೇಲೆ ಫೋರ್ಡ್ ಮ್ಯಾಡಾಕ್ಸ್ ಬ್ರೌನ್ ಬಿಡಿಸಿದ್ದಾನೆ. ಚಿತ್ರ ಚೆನ್ನಾಗಿದೆ, ಆದರೆ ಇತಿಹಾಸಕಾರರು ಈ ಘಟನೆಯನ್ನು ನಂಬಲ್ಲ. ಕೇ ಆಗ ಫ್ರಾನ್ಸಿನಲ್ಲಿದ್ದ. ಅವನ ಕೊನೆಯ ಪತ್ರ 1779ರದ್ದು. ಅಲ್ಲಿಂದ ಮುಂದೆ ಅವನ ಸುಳಿವಿಲ್ಲ, ಸಮಾಧಿಯೂ ಸಿಕ್ಕಿಲ್ಲ.

ಲಾಳಿ ಮಾತ್ರ ನಿಲ್ಲಲಿಲ್ಲ. ಮಗ ರಾಬರ್ಟ್ 1760ರಲ್ಲಿ ಬೇರೆ ಬೇರೆ ಬಣ್ಣದ ಲಾಳಿ ಬದಲಾಯಿಸುವ ಪೆಟ್ಟಿಗೆ ಮಾಡಿದ. ನೇಯುವವರ ವೇಗಕ್ಕೆ ನೂಲು ಸಾಲದಾಯಿತು. ಆಮೇಲೆ ಬಂದವು ಹಾರ್‌ಗ್ರೀವ್ಸ್‌ನ ಜೆನ್ನಿ, ಆರ್ಕ್‌ರೈಟ್‌ನ ಯಂತ್ರ. ಸುಮಾರು ನೂರೆಪ್ಪತ್ತು ವರ್ಷದ ನಂತರ ಮದ್ರಾಸ್ ಪ್ರಾಂತ್ಯದ ನೇಕಾರರಿಗೆ ಹಾರುವ ಲಾಳಿ ಕಲಿಸಲು ಓಡಾಡಿದ ಆಲ್ಫ್ರೆಡ್ ಚಾಟರ್ಟನ್, ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾದ.

ಕೋಲ್ಚೆಸ್ಟರ್ ನೇಕಾರರು ದಡ್ಡರು ಅಂತ ಕ್ಲಾಸಿನಲ್ಲಿ ಕೆಲವರು ಅಂತಾರೆ. ಹುನಗುಂದ, ಇಳಕಲ್, ಗುಳೇದಗುಡ್ಡ ಕಡೆಯಿಂದ ಬರುವ ನಮ್ಮ ಗೆಳೆಯರು ಹಂಗ ಅನ್ನಂಗಿಲ್ಲ. ಪವರ್‌ಲೂಮ್ ಬಂದ ಮೇಲೆ ಕೈಮಗ್ಗ ಮೂಲೆಗೆ ಸೇರಿದ್ದನ್ನ ಅವರು ಮನೆಯಲ್ಲೇ ಕಂಡಾರ. ಇಬ್ಬರ ಕೆಲಸ ಒಬ್ಬನಿಗೆ ಬಂದಾಗ ಇನ್ನೊಬ್ಬ ಎಲ್ಲಿಗೆ ಹೋದ ಅನ್ನೋ ಪ್ರಶ್ನೆ ಅವರಿಗೆ ಪರೀಕ್ಷೆಯ ಪ್ರಶ್ನೆ ಅಲ್ಲ. ಕೇಗೆ ಹಣ ಕೊಡದ ವ್ಯಾಪಾರಿಗಳೂ, ಕೆಲಸ ಹೋದ ನೇಕಾರರೂ ಒಂದೇ ಅಲ್ಲ. ಇಬ್ಬರನ್ನೂ ಶತ್ರುಗಳು ಅಂತ ಒಂದೇ ಸಾಲಿನಲ್ಲಿ ಬರೆಯೋದು ನಮಗೆ ಸರಿ ಕಾಣಲಿಲ್ಲ.

ಹಾಗಾಗಿ ಈ ಸಲದ ರೋಬೋಟ್ ವರದಿಯಲ್ಲಿ ನಾವು ಒಂದು ಪುಟ ಬಿಟ್ಟಿದ್ದೇವೆ. ಯಾವ ಭಾಗದ ಯೋಚನೆ ಯಾರಿಂದ ಬಂತು ಅಂತ ಅಲ್ಲಿ ಬರೀತೀವಿ. ಸೀನಿಯರ್ ಕೊಟ್ಟ ಡ್ರಾಯಿಂಗ್ ಆದ್ರೆ ಸೀನಿಯರ್ ಹೆಸರು. ದಾರ ಬಿಡುವ ಸುರುಳಿಯ ಮುಂದೆ ಈಗಾಗಲೇ ಎರಡು ಸಾಲು ಬಿದ್ದಿವೆ: ಬೆರಿಯ ಜಾನ್ ಕೇ, ಮತ್ತು ಇಳಕಲ್‌ನ ಮಗ್ಗ.